ಕೇಳದೆ ಕೊಟ್ಟ ಒಪ್ಪಿಗೆ

ಪಕ್ಕದ ಊರಿನ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಕಳ್ಳರು ಕನ್ನ ಹಾಕಿದ ಸುದ್ದಿ ಬಂದದ್ದೇ ತಡ, ಈ ಆಸ್ಪತ್ರೆಯ ದೊಡ್ಡವರಿಗೆಲ್ಲ ದಿಗಿಲು ಹತ್ತಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರು ನಾವಲ್ಲ ಎಂದು ಬೀಗುತ್ತ, ರೋಗಿಗಳ ದಾಖಲೆಯ ನಕಲುಗಳಿರುವ ಬ್ಯಾಕಪ್ ವ್ಯವಸ್ಥೆಗೆ ಹೊಸ ಕಾವಲು ಹಾಕಿಸಿದರು. ಇನ್ನು ಪಾಸ್‌ವರ್ಡ್ ಒಂದೇ ಸಾಲದು. ಒಳಹೋಗುವವರ ಫೋನಿಗೆ 'ನೀವೇನಾ?' ಎಂಬ ಪ್ರಶ್ನೆ ಬರುತ್ತದೆ, ಹೌದು ಎಂದು ಒತ್ತಬೇಕು. ನಕಲು ಅಳಿಸಬೇಕಾದರಂತೂ ಇಬ್ಬರ ಒಪ್ಪಿಗೆ ಬೇಕು.

ಆ ಇಬ್ಬರು, ಆ ನಕಲುಗಳನ್ನು ನೋಡಿಕೊಳ್ಳುತ್ತಿದ್ದ ಅವಳು ಮತ್ತು ಅವಳ ಚಿಕ್ಕಪ್ಪ. ಚಿಕ್ಕಪ್ಪನೇ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ಅವಳಿಗೆ ಕೆಲಸ ಕಲಿಸಿದ್ದೂ ಅವರೇ. ಕಾವಲು ಕೂರಿಸಲು ಬಂದಿದ್ದ ಎಂಜಿನಿಯರ್ ಹೊರಡುವಾಗ ಹೇಳಿದ್ದ: "ಒತ್ತೋ ಮುಂಚೆ ಒಬ್ರಿಗೊಬ್ರು ಫೋನ್ ಮಾಡಿ ಕೇಳ್ಕೊಳ್ಳಿ. ಅದನ್ನ ಬಿಟ್ರೆ ಇದೆಲ್ಲ ಬರೀ ತೋರಿಕೆ."

ಅವಳು ಒಮ್ಮೆ ಕೇಳಿಯೂ ಕೇಳಿದಳು. "ಚಿಕ್ಕಪ್ಪಾ, ಅಳಿಸೋಕೆ ಹಾಕಿದ್ದು ನೀವೇನಾ?"

"ನಾನಲ್ದೆ ಇನ್ಯಾರು? ಎತ್ತಿ ಆಡಿಸಿದೋನನ್ನೇ ವಿಚಾರಣೆ ಮಾಡ್ತೀಯೇನಮ್ಮಾ?"

ನಗುತ್ತಲೇ ಅಂದರು, ಆದರೆ ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದರು. ಅಲ್ಲಿಗೆ ಕೇಳುವುದು ನಿಂತಿತು. ಅವರೋ, ಮಗಳಂಥವಳನ್ನು ಕಾಯಿಸಬಾರದೆಂದು, ಫೋನು ಗುಂಯ್ ಅಂದರೆ ಸಾಕು, ಓದದೆಯೇ ಒತ್ತುತ್ತಿದ್ದರು. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಮರ್ಯಾದೆಗೆ ಬಾಯಿಯೂ ಇರುವುದಿಲ್ಲ.

ಅವಳ ತಂಗಿಗೆ ಕತ್ತಿನಲ್ಲಿ ಗಡ್ಡೆ. ಇದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ರೇಡಿಯೇಷನ್ ನಡೆದಿತ್ತು. ಎಲ್ಲಿಗೆ, ಎಷ್ಟು ಕೊಟ್ಟಾಗಿದೆ, ಇನ್ನೆಷ್ಟು ಬಾಕಿ ಎಂಬುದೆಲ್ಲ ಕಂಪ್ಯೂಟರಿನಲ್ಲಿ. ಹೆಚ್ಚಾದರೆ ಬೆನ್ನುಹುರಿಗೆ ಕುತ್ತು, ಕಡಿಮೆಯಾದರೆ ಗಡ್ಡೆ ಮತ್ತೆ ತಲೆ ಎತ್ತುತ್ತದೆ. "ಅಲ್ಲಿ ಹಾಳಾದ್ರೂ ನನ್ನ ಹತ್ರ ನಕಲು ಭದ್ರವಾಗಿರುತ್ತೆ ಕಣೇ" ಎಂದು ಅಕ್ಕ ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಆ ಮಧ್ಯಾಹ್ನ ಫೋನು ಅಲುಗಿತು. 'ಮುಖ್ಯಸ್ಥರು ಎಲ್ಲ ನಕಲುಗಳನ್ನು ಅಳಿಸಲು ಕೇಳುತ್ತಿದ್ದಾರೆ. ಒಪ್ಪಿಗೆಯೇ?'

'ಎಲ್ಲ' ಎಂಬ ಮಾತು ಚುಚ್ಚಿತು. ಎಂದೂ ಹಳೆಯವನ್ನಷ್ಟೇ ಅಳಿಸುತ್ತಿದ್ದದ್ದು. ಬೆರಳು ಚಿಕ್ಕಪ್ಪನ ನಂಬರಿನವರೆಗೆ ಹೋಗಿ ನಿಂತಿತು. ಊದಿದ ಆ ಮುಖ ಕಣ್ಣ ಮುಂದೆ ಬಂತು. ಹೊಸ ಡಿಸ್ಕುಗಳಿಗೆ ಸಾಗಿಸುವ ಮಾತಾಡುತ್ತಿದ್ದರಲ್ಲ, ಆಗಲೇ ಸಾಗಿಸಿರಬೇಕು. ದೊಡ್ಡವರಿಗೆ ಗೊತ್ತಿರದೇ ಇರುತ್ತದೆಯೇ? ಎದೆ ಬೇಡವೆನ್ನುತ್ತಿತ್ತು, ಬೆರಳು ಒತ್ತಿತು.

ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಚಹಾದ ಲೋಟ ಹಿಡಿದು ಒಳಗೆ ಬಂದರು.

"ಏನಮ್ಮಾ ಅಷ್ಟೊಂದು ಅವಸರ? ಕ್ಯಾಂಟೀನಲ್ಲಿ ಕೂತಿದ್ರೆ ಫೋನು ಒಂದೇ ಸಮ ಬಡ್ಕೊಳ್ತಿತ್ತು. ನಿಂದೇ ಏನೋ ಇರ್ಬೇಕು ಅಂತ ಹೌದು ಒತ್ಬಿಟ್ಟೆ."

"ನಾನೇನೂ ಕೇಳಿಲ್ಲ ಚಿಕ್ಕಪ್ಪಾ. ಅಳಿಸೋಕೆ ಕೇಳಿದ್ದು ನೀವಲ್ವಾ?"

"ನಾನ್ಯಾಕೆ ಅಳಿಸ್ಲಿ?"

ಇಬ್ಬರೂ ಪರದೆಯತ್ತ ತಿರುಗಿದರು. ಚಿಕ್ಕಪ್ಪನ ಹೆಸರಿನಲ್ಲಿ ಯಾರೋ ಒಳಗೆ ಕೂತಿದ್ದರು. ಅವರ ಪಾಸ್‌ವರ್ಡ್ ಯಾವತ್ತೋ ಕದ್ದಿದ್ದವನಿಗೆ ಬೇಕಾಗಿದ್ದದ್ದು ಎರಡು ಒಪ್ಪಿಗೆ, ಎರಡೂ ಸಿಕ್ಕಿದ್ದವು. ನಕಲುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಚಿಕ್ಕಪ್ಪ ಲೋಟ ಬಿಸಾಡಿ ಯಂತ್ರದ ಕೋಣೆಗೆ ಓಡಿ ತಂತಿ ಕಿತ್ತರು. ಅಷ್ಟರಲ್ಲಿ ಪರದೆ ಬರಿದಾಗಿತ್ತು.

ಅವಳ ಫೋನು ಮತ್ತೆ ಅಲುಗಿತು. ಅವಳು ಬೆಚ್ಚಿಬಿದ್ದಳು. ತಂಗಿ.

"ಅಕ್ಕಾ, ಇಲ್ಲಿ ಕಂಪ್ಯೂಟರೆಲ್ಲ ನಿಂತೋಗಿವೆ. ಯಾರೋ ಬೀಗ ಹಾಕಿದಾರಂತೆ, ನಂದು ಏನೂ ತೆರೀತಿಲ್ಲ. ಡಾಕ್ಟ್ರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದಾರೆ." ಅವಳ ದನಿಯಲ್ಲಿ ಹೆದರಿಕೆಯೇ ಇರಲಿಲ್ಲ. "ನಾನೇ ಧೈರ್ಯ ಹೇಳ್ದೆ, ನಮ್ಮಕ್ಕನ ಹತ್ರ ಇನ್ನೊಂದು ನಕಲಿದೆ ಅಂತ. ಬೇಗ ಕಳ್ಸಕ್ಕಾ, ಎಲ್ರೂ ಕಾಯ್ತಿದಾರೆ."