ಮಾಸ್ತರರ ಹೈಡ್ರೋಜನ್

ತಿಕೋಟಾದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ರಾಮಲಿಂಗ ಮಾಸ್ತರರಿಗೆ ಜಗತ್ತಿನಲ್ಲಿ ಒಬ್ಬನೇ ವೈರಿಯಿದ್ದ. ಬಬಲೇಶ್ವರದ ಸಂತೆಯಲ್ಲಿ ಪುಗ್ಗಾ, ಎಂದರೆ ಬಲೂನು, ಮಾರುವ ಗೈಬುಸಾಬ. ಅವನು ಪುಗ್ಗಾಕ್ಕೆ ತುಂಬುತ್ತಿದ್ದುದು ಹೈಡ್ರೋಜನ್. ಒಂದು ಕಿಡಿ ಬಿದ್ದರೆ ಅರ್ಧ ಸಂತೆ ಸುಟ್ಟುಹೋದೀತೆಂದು ಮಾಸ್ತರರು ತಹಶೀಲ್ದಾರರ ಕಚೇರಿಗೆ ಅರ್ಜಿಯ ಮೇಲೆ ಅರ್ಜಿ ಕೊಟ್ಟು, ಕಡೆಗೂ ಅವನ ಸಿಲಿಂಡರನ್ನು ಸಂತೆಯಿಂದ ಹೊರಹಾಕಿಸಿದರು. ಪಾಪದವನ ಗೊಡವೆ ಯಾಕೆಂದು ಹೆಂಡತಿ ಕಸ್ತೂರಿ ಎಷ್ಟು ಹೇಳಿದರೂ ಕೇಳಲಿಲ್ಲ.

ತಿಂಗಳೊಳಗೆ ಅರಕೇರಿಯ ಹತ್ತಿರ ಮಾಸ್ತರರ ಸ್ಕೂಟರ್ ಜಾರಿ ತಲೆಗೆ ಪೆಟ್ಟಾಯಿತು. ಎಚ್ಚರ ತಪ್ಪಿ ಬಿದ್ದಿದ್ದವರನ್ನು ದಾರಿಯಲ್ಲಿ ಬಂದ ಜೀಪಿಗೆ ಹಾಕಿಕೊಂಡು ವಿಜಯಪುರದ ದೊಡ್ಡ ಆಸ್ಪತ್ರೆಗೆ ಸೇರಿಸಿದವನು ಗೈಬುಸಾಬನೇ.

ಆಪರೇಶನ್ ಮುಗಿದ ಮೇಲೆ ಡಾಕ್ಟರ್ ಮಿನಾಜ ಕಸ್ತೂರಿಯನ್ನು ಕರೆದು ಕೂರಿಸಿ ವಿಷಯ ತಿಳಿಸಿದಳು. ಪೆಟ್ಟು ತಿಂದ ಮಿದುಳಿಗೆ ಹೈಡ್ರೋಜನ್ ಉಸಿರಾಡಿಸಿದರೆ ಉಪಯೋಗವಾದೀತೇ ಎಂದು ಇಲ್ಲೊಂದು ಪ್ರಯೋಗ ನಡೆದಿತ್ತು. ಅರ್ಧ ರೋಗಿಗಳಿಗೆ ಅದು, ಉಳಿದವರಿಗೆ ಬರೀ ಆಕ್ಸಿಜನ್. ಯಾರಿಗೆ ಯಾವುದೆಂದು ಪ್ರಯೋಗ ಮುಗಿಯುವ ತನಕ ಡಾಕ್ಟರಿಗೂ ತಿಳಿಯದು. ನೂರಕ್ಕೆ ಎರಡು ಪಾಲಷ್ಟೇ ಬೆರೆಸುವುದರಿಂದ ಬೆಂಕಿಯ ಭಯವಿಲ್ಲ, ನಾಲ್ಕು ದಾಟಿದರೆ ಮಾತ್ರ ಅಪಾಯ ಎಂದು ಹೇಳಿ, ಮಾಸ್ತರರನ್ನೂ ಪ್ರಯೋಗಕ್ಕೆ ಸೇರಿಸಲು ಒಪ್ಪಿಗೆ ಕೇಳಿದಳು.

ಹೈಡ್ರೋಜನ್ ಬಲ್ಲವರೆಂದು ಕಸ್ತೂರಿಗೆ ಗೊತ್ತಿದ್ದವರು ಇಬ್ಬರೇ. ಒಬ್ಬರು ಒಳಗೆ ಎಚ್ಚರವಿಲ್ಲದೆ ಮಲಗಿದ್ದರು. ಪಕ್ಕದಲ್ಲೇ ನಿಂತಿದ್ದ ಇನ್ನೊಬ್ಬನನ್ನು ಕೇಳಿದಳು.

“ಅಕ್ಕಾರ, ನಾ ಪುಗ್ಗಾಕ ತುಂಬಾಂವ. ತಲಿಗಿ ತುಂಬೂದು ನನಗೇನ ಗೊತ್ತರಿ,” ಎಂದ ಗೈಬುಸಾಬ.

ಕಸ್ತೂರಿ ಸಹಿ ಹಾಕಿದಳು.

ಇಪ್ಪತ್ತು ದಿನಕ್ಕೆ ಮಾಸ್ತರರ ಮಾತು ಮರಳಿತು. ವಿಷಯ ತಿಳಿದದ್ದೇ ತಡ, ಅವರ ಬಾಯಲ್ಲಿ ಹೈಡ್ರೋಜನ್ ಬಿಟ್ಟರೆ ಬೇರೆ ಮಾತಿಲ್ಲ. ಎರಡರಲ್ಲಿ ಯಾವುದು ಕೊಟ್ಟರೋ ಗೊತ್ತಿಲ್ಲವೆಂದು ಕಸ್ತೂರಿ ಹೇಳಿದರೆ, ಒಳಗೆ ಹೋದದ್ದು ಯಾವುದೆಂದು ವಿಜ್ಞಾನ ಕಲಿಸಿದವನಿಗೆ ತಿಳಿಯದೇ ಎಂದು ಗದರಿದರು. ತಲೆಯ ಹೊಲಿಗೆ ಪೂರ್ತಿ ಮಾಯುವ ಮೊದಲೇ ಕಚೇರಿಗೆ ಅಲೆದು ತಮ್ಮ ಅರ್ಜಿಯನ್ನು ತಾವೇ ಹಿಂದಕ್ಕೆ ಪಡೆದು, ಸಿಲಿಂಡರಿಗೆ ಪರವಾನಗಿ ಕೊಡಿಸಿ, ಕಾಗದ ಹಿಡಿದು ಸಂತೆಗೆ ಹೋದರು.

ಗೈಬುಸಾಬ ಕೈಪಂಪಿನಿಂದ ಪುಗ್ಗಾಕ್ಕೆ ಗಾಳಿ ಹಾಕುತ್ತ ಕೂತಿದ್ದ. “ಬ್ಯಾಡ್ರಿ ಸರ,” ಎಂದ. “ನಾಕ ಪಾಲಿಗೇ ಬೆಂಕಿ ಹತ್ತತೈತಿ ಅಂದ್ರು ಡಾಕ್ಟರು. ನಂದು ನೂರಕ್ಕ ನೂರರಿ. ಅವತ್ತಿಂದ ಅದನ್ನ ಮುಟ್ಟಿಲ್ಲ.”

ತಾವು ವರ್ಷಗಟ್ಟಲೆ ಹೇಳಿದ್ದೂ ಇದನ್ನೇ ಎಂದು ಮಾಸ್ತರರು ಹೇಳಹೊರಟು, ಕೈಯಲ್ಲಿದ್ದ ಪರವಾನಗಿ ನೋಡಿ ಅದನ್ನು ಮಡಚಿ ಜೇಬಿಗಿಟ್ಟರು.

ವರ್ಷದ ಮೇಲೆ ಪ್ರಯೋಗ ಮುಗಿದು ಮಿನಾಜ ಫೋನು ಮಾಡಿದಳು. ಮಾಸ್ತರರಿಗೆ ಕೊಟ್ಟದ್ದು ಬರೀ ಆಕ್ಸಿಜನ್. ಹಾಗಾದರೆ ಹೈಡ್ರೋಜನ್ನಿನಿಂದ ಗುಣವಾಗುವುದು ಸುಳ್ಳೇ ಎಂದು ಕಸ್ತೂರಿ ಕೇಳಿದಳು. ಸುಳ್ಳೆನ್ನಲೂ ಆಗದು, ಖರೆ ಎನ್ನಲೂ ಆಗದು, ಇನ್ನೂ ಬಹಳ ಮಂದಿಯ ಮೇಲೆ ನೋಡಬೇಕು ಎಂದಳು ಮಿನಾಜ. ಇಷ್ಟು ಓದಿದವರೂ ತಿಳಿಯದ್ದನ್ನು ತಿಳಿಯದು ಎನ್ನುತ್ತಾರಲ್ಲ ಎಂದು ಕಸ್ತೂರಿಗೆ ಹಿಗ್ಗಾಯಿತು.

ಗಂಡನಿಗೆ ಮುಚ್ಚಿಡದೆ ಹೇಳಿದಳು. ಸಂಜೆ ಕಟ್ಟೆಯ ಮೇಲೆ ನಾಲ್ಕು ಮಂದಿ ಸೇರುತ್ತಲೇ ಮಾಸ್ತರರ ದನಿ ಒಳಗೆ ಅಡುಗೆಮನೆಯ ತನಕ ಕೇಳಿಸಿತು:

“ಆಕ್ಸಿಜನ್ ಅಂದ್ರ ಸಾಮಾನ್ಯ ಅಲ್ರೆಪಾ…”