ಎಪ್ಪತ್ತು ಪೌಂಡಿನ ಬಿಲ್ಲು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡರೆ ಜನ ನಗುತ್ತಾರೆ. ಆರ್ವಿ ಸಾರೆಲಾ ಮತ್ತು ಅವನ ಹೆಂಡತಿಯ ಅಣ್ಣ ಡ್ವೇನ್ ಅಂಥ ನಗುವಿಗೆಲ್ಲ ಕಿವುಡರು. ಅಯೋವಾ ರಾಜ್ಯಕ್ಕೆ ಹೋಗಿ ಬಿಲ್ಲುಬಾಣದಲ್ಲಿ ಜಿಂಕೆ ಹೊಡೆಯುವ ಯೋಜನೆಯನ್ನು ಅವರು ಐದು ವರ್ಷದಿಂದ ಹೊಲಿಯುತ್ತಲೇ ಇದ್ದರು. ಮಿಶಿಗನ್ನಿನ ಈ ಉತ್ತರದ ತುದಿಯಲ್ಲಿ ಚಳಿಗಾಲ ಬಲು ಉದ್ದ. ಸೌನಾ ಎಂಬ ಹಬೆಮನೆಯ ಬಿಸಿಯಲ್ಲಿ ಬೆವರುತ್ತ ಕೂತ ಗಂಡಸರು ಏನನ್ನಾದರೂ ಮಾತಾಡಲೇಬೇಕಲ್ಲ.

ನಮ್ಮಲ್ಲಿ ಜಿಂಕೆಗಳಿಲ್ಲವೆಂದಲ್ಲ. ಇವೆ, ಆದರೆ ಹಿಮದಲ್ಲಿ ಮರದ ತೊಗಟೆ ಕಡಿದು ಬದುಕಿದ ಬಡಕಲು ಪ್ರಾಣಿಗಳು. ಅಯೋವಾದವು ಜೋಳ ತಿಂದು ಎಮ್ಮೆಯಂತೆ ಕೊಬ್ಬಿದವು. ಅದಕ್ಕೇ ಅಲ್ಲಿನ ಸರ್ಕಾರ ಹೊರಗಿನವರಿಗೆ ಪರವಾನಗಿಯನ್ನು ಸುಲಭಕ್ಕೆ ಕೊಡುವುದಿಲ್ಲ. ಚೀಟಿ ಎತ್ತುತ್ತಾರೆ, ಸಿಗದ ವರ್ಷಕ್ಕೊಂದು ಅಂಕ ಕೊಡುತ್ತಾರೆ, ಅಂಕ ಕೂಡಿದಷ್ಟೂ ಪಾಳಿ ಹತ್ತಿರ ಬರುತ್ತದೆ. ಇಬ್ಬರು ಜೊತೆಯಾಗಿ ಅರ್ಜಿ ಹಾಕಿದರೆ ಇಬ್ಬರ ಅಂಕವನ್ನೂ ಕೂಡಿಸಿ ಇಬ್ಬರಿಗೂ ಸಮನಾಗಿ ಹಂಚುತ್ತಾರೆ. ಡ್ವೇನ್ ಆರ್ವಿಗಿಂತ ಮೊದಲೇ ಶುರುಮಾಡಿದವನು, ಹೋದ ವರ್ಷವೇ ಒಬ್ಬನೇ ಹೋಗಿಬರಬಹುದಿತ್ತು. ಜೊತೆಯಲ್ಲೇ ಹೋಗೋಣವೆಂದು ಆರ್ವಿಯ ಹೆಸರಿನೊಂದಿಗೆ ತನ್ನದನ್ನು ಸೇರಿಸಿ, ಕೈಗೆ ಬಂದ ಪಾಳಿಯನ್ನು ತಾನೇ ಹಿಂದಕ್ಕೆ ತಳ್ಳಿಕೊಂಡ.

ಈ ಬೇಸಿಗೆಯಲ್ಲಿ ಇಬ್ಬರಿಗೂ ಪರವಾನಗಿ ಬಂತು. ನವೆಂಬರಿನಲ್ಲಿ ಹೊರಡುವುದು ಅಂತ ನಿಶ್ಚಯವಾಯಿತು. ದಾರಿ ತೋರಿಸುವ ಗೈಡ್ ಬೇಡ, ಹೋಟೆಲೂ ಬೇಡ. ಮಲಗುವುದು ಡ್ವೇನ್‌ನ ಪಿಕಪ್ ಟ್ರಕ್ಕಿನ ಹಿಂಬದಿಯಲ್ಲಿ. ಊಟಕ್ಕೆ ಆರ್ವಿಯ ಹೆಂಡತಿ ಮಾರ್ತಾ ಮಾಡಿಕೊಡುವ ಪಾಸ್ಟಿ, ಅಂದರೆ ಮಾಂಸ ಆಲೂಗಡ್ಡೆ ತುಂಬಿ ಬೇಯಿಸಿದ ರೊಟ್ಟಿ. ಅದನ್ನು ತಗಡಿನ ಹಾಳೆಯಲ್ಲಿ ಸುತ್ತಿ ಎಂಜಿನ್ನಿನ ಮೇಲಿಟ್ಟರೆ ದಾರಿಯಲ್ಲೇ ಬಿಸಿಯಾಗುತ್ತದೆ. ಹಾಸಿಗೆಯೂ ಅಡುಗೆಮನೆಯೂ ಒಂದೇ ಟ್ರಕ್ಕು ಅಂತ ಡ್ವೇನ್ ಊರೆಲ್ಲ ಹೇಳಿಕೊಂಡು ತಿರುಗಿದ.

ಆರ್ವಿ ಮಾತ್ರ ಮಂಕಾಗಿದ್ದ. ಅವನು ರಸ್ತೆಯ ಹಿಮ ಸರಿಸುವ ಲಾರಿಯ ಡ್ರೈವರು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಆ ಲಾರಿಯ ಮೆಟ್ಟಿಲ ಮೇಲೆ ಕಾಲು ಜಾರಿ ಬಲಭುಜದ ಮೇಲೇ ಬಿದ್ದಿದ್ದ. ಒಳಗೆ ಸ್ನಾಯು ಹರಿದಿದೆ ಅಂದರು ವೈದ್ಯರು. ಅದನ್ನು ಮಾರ್ತಾಳಿಗೆ ಅರ್ಧ ಹೇಳಿದ, ಡ್ವೇನ್‌ಗೆ ಏನೂ ಹೇಳಲಿಲ್ಲ. ಹೇಳಿದರೆ ಡ್ವೇನ್ ಯಾತ್ರೆಯನ್ನೇ ಕೈಬಿಡುತ್ತಾನೆ, ಒಬ್ಬನೇ ಹೋಗುವ ಆಸಾಮಿಯಲ್ಲ. ತನಗಾಗಿ ಕಾದವನ ಐದು ವರ್ಷ ತನ್ನ ಒಂದು ಭುಜದಿಂದ ಮಣ್ಣುಪಾಲಾಗಬಾರದು ಎಂಬುದೊಂದೇ ಅವನ ತಲೆಯಲ್ಲಿ.

ನಮ್ಮ ಕಡೆ ಗಂಡಸೆಂದರೆ ಎಪ್ಪತ್ತು ಪೌಂಡಿನ ಬಿಲ್ಲು. ಹೆದೆ ಎಳೆಯಲು ಅಷ್ಟು ಬಲ ಬೇಕು ಅಂತ. ಎಪ್ಪತ್ತೇ ಯಾಕೆ ಅಂತ ಯಾರೂ ಕೇಳುವುದಿಲ್ಲ, ಮೀಸೆ ಯಾಕೆ ಅಂತ ಯಾರಾದರೂ ಕೇಳುತ್ತಾರೆಯೆ? ಮಾರ್ತಾಳ ಬಿಲ್ಲು ನಲವತ್ತರ ಮೇಲೆ ಒಂದಿಷ್ಟು, ಅಷ್ಟೆ. ಆದರೂ ಪ್ರತಿವರ್ಷ ಆ ಮನೆಗೆ ಮೊದಲು ಬರುವ ಜಿಂಕೆ ಮಾಂಸ ಅವಳು ತಂದದ್ದು. ಗಂಡನೂ ಅಣ್ಣನೂ ಅದಕ್ಕೆ ಅದೃಷ್ಟ ಅಂತ ಹೆಸರಿಟ್ಟಿದ್ದರು.

ಈಗಿನ ಬಿಲ್ಲುಗಳಿಗೆ ರಾಟೆಯೂ ಇರುತ್ತದೆ, ಬಲ ಹೆಚ್ಚುಕಡಿಮೆ ಮಾಡುವ ತಿರುಪೂ ಇರುತ್ತದೆ. ಯಾರಿಗೂ ಹೇಳದೆ ಆರ್ವಿ ತನ್ನ ಬಿಲ್ಲಿನ ತಿರುಪುಗಳನ್ನು ಸಡಿಲಿಸಿ ಬಲ ಇಳಿಸಿದ. ಅರವತ್ತಕ್ಕಿಂತ ಕೆಳಗೆ ಅದು ಇಳಿಯುವ ಜಾತಿಯದಲ್ಲ. ಅಷ್ಟನ್ನು ಎಳೆಯುವಾಗಲೂ ಅವನಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಆಗಸ್ಟಿನ ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಡ್ವೇನ್‌ನ ಹಿತ್ತಲಿನಲ್ಲಿ ಹುಲ್ಲಿನ ಪಿಂಡಿಗೆ ಗುರಿಯಿಡುತ್ತಿದ್ದರು. ಆರ್ವಿ ಬಿಲ್ಲನ್ನು ಮೇಲೆತ್ತಿ, ಬಾಣದ ತುದಿಯನ್ನು ಆಕಾಶಕ್ಕೆ ತೋರಿಸಿ, ಮೈಯ ಭಾರವನ್ನೆಲ್ಲ ಹಾಕಿ ಹೆದೆ ಎಳೆದು ಆಮೇಲೆ ಕೆಳಗಿಳಿಸಿದ.

"ಏನೋ, ಮೋಡಕ್ಕೆ ಹೊಡೀತೀಯಾ?" ಅಂದ ಡ್ವೇನ್. "ಅಷ್ಟು ಕೈ ಎತ್ತಿದ್ರೆ ಜಿಂಕೆ ನಿಂಗೆ ಟಾಟಾ ಮಾಡಿ ಹೋಗುತ್ತೆ."

"ಬೆಳಿಗ್ಗೆಯಿಂದ ಸೌದೆ ಒಡೆದಿದ್ದೀನಿ ಭಾವ. ಕೈ ಸೋತಿದೆ."

ಡ್ವೇನ್ ಬಾಣ ಕೀಳಲು ಹೋದ. ಎಪ್ಪತ್ತರ ಬಾಣವಾದರೆ ಪಿಂಡಿಗೆ ಮಂಡಿ ಕೊಟ್ಟು ಎರಡೂ ಕೈಯಿಂದ ಜಗ್ಗಬೇಕು. ತನ್ನದನ್ನು ಹಾಗೇ ಕಿತ್ತ. ಆರ್ವಿಯದು ಒಂದೇ ಕೈಗೆ ಸಲೀಸಾಗಿ ಕಳಚಿ ಬಂತು. ಡ್ವೇನ್ ಅದನ್ನು ಕೈಯಲ್ಲೇ ಹಿಡಿದುಕೊಂಡು ವಾಪಸು ಬಂದ.

"ಕಾಫಿ ಕುಡಿಯೋಣ ನಡಿ," ಅಂದ. "ನಿಮ್ಮನೇಲಿ."

ಆರ್ವಿಯ ಅಡುಗೆಮನೆಯ ಮೇಜಿನ ಮೇಲೆ ಅಯೋವಾದ ನಕ್ಷೆ ಜೂನ್‌ನಿಂದ ಹಾಸಿಯೇ ಇತ್ತು. ಮಾರ್ತಾ ಅದರ ಮೇಲೇ ತಟ್ಟೆಯಿಟ್ಟು ಬಡಿಸುತ್ತಿದ್ದಳು. ಡ್ವೇನ್ ಕೂತವನೇ ಆ ಬಾಣವನ್ನು ನಕ್ಷೆಯ ಮೇಲಿಟ್ಟ.

"ಭುಜ ಎಷ್ಟು ಹಾಳಾಗಿದೆ?"

ಆರ್ವಿ ಕಿಟಕಿಯ ಕಡೆ ನೋಡಿದ. ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ಒಲೆಯ ಹತ್ತಿರ ನಿಂತ ಮಾರ್ತಾ ತಿರುಗಿ ಅವನನ್ನೇ ನೋಡುತ್ತಿದ್ದಳು.

"ಹರಿದಿದೆ," ಅಂದ. "ಚಳಿಗಾಲ ಕಳೆದ ಮೇಲೆ ಆಪರೇಷನ್ನು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೋಗ್ತಿದ್ಯಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ."

ಡ್ವೇನ್ ಧ್ವನಿ ಏರಿಸುವವನಲ್ಲ, ಸಿಟ್ಟು ಬಂದರೆ ಅವನ ಮಾತು ಇನ್ನೂ ನಿಧಾನವಾಗುತ್ತದೆ. "ಆಮೇಲೆ ಅಲ್ಲಿ ಹೋಗಿ ಏನ್ ಮಾಡ್ತಿದ್ದೆ? ನೋವಲ್ಲಿ ಕೈ ನಡುಗಿ ಬಾಣ ಹೊಟ್ಟೆಗೆ ಬಿದ್ರೆ? ಅದು ಎರಡು ದಿನ ಒದ್ದಾಡಿ ಯಾರದೋ ಹೊಲದಲ್ಲಿ ಸಾಯುತ್ತೆ. ನೀನು ಹಾಗೆ ಮಾಡೋನಲ್ಲ ಅಂದ್ಕೊಂಡಿದ್ದೆ ಕಣೋ."

ಆ ಮಾತು ಆರ್ವಿಗೆ ಭುಜದ ನೋವಿಗಿಂತ ಹೆಚ್ಚಾಗಿ ಚುಚ್ಚಿತು. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು. "ನನಗಾಗಿ ನೀನು ಕಾದೆ," ಅಂದ. "ಆ ಋಣ ಹೊತ್ಕೊಂಡು ಮನೇಲಿ ಹೇಗೆ ಕೂರಲಿ?"

"ನಾನು ಜಿಂಕೆಗೋಸ್ಕರ ಕಾದೆ ಅಂದ್ಕೊಂಡ್ಯಾ? ನನ್ನ ಸೇಬಿನ ಗಿಡ ತಿನ್ನೋವು ಸಾಲದಾ ಹೊಡೆಯೋಕೆ?"

ಮಾರ್ತಾ ಒಳಕೋಣೆಗೆ ಹೋಗಿ ತನ್ನ ಬಿಲ್ಲನ್ನು ತಂದು ಮೇಜಿನ ಮಧ್ಯದಲ್ಲಿಟ್ಟಳು. "ಇಷ್ಟು ವರ್ಷ ನೀವಿಬ್ಬರೂ ಇದಕ್ಕೆ ಅದೃಷ್ಟ ಅಂತಿದ್ರಿ. ತಗೊಳ್ಳಿ, ಅದೃಷ್ಟಾನೇ ತಗೊಂಡು ಹೋಗಿ."

"ಹೆಂಗಸರ ಬಿಲ್ಲು ಹಿಡ್ಕೊಂಡು ಅಯೋವಾಕ್ಕೆ..." ಅಂತ ಆರ್ವಿ ಶುರುಮಾಡಿದ.

"ಹೆಂಗಸು ಹೊಡೆದ ಮಾಂಸ ತಿನ್ನುವಾಗ ಗಂಟಲಿಗೆ ಸಿಕ್ಕಿಕೊಂಡಿತ್ತಾ?"

ಡ್ವೇನ್ ನಕ್ಕುಬಿಟ್ಟ. ಆರ್ವಿ ಕೈಚಾಚಿ ಬಿಲ್ಲನ್ನು ಹತ್ತಿರಕ್ಕೆ ಎಳೆದುಕೊಂಡ. ಕಾಗದದ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವ ಡ್ವೇನ್‌ಗೆ ಬಿಲ್ಲಿನ ರಾಟೆಯನ್ನು ಆರ್ವಿಯ ತೋಳಿನ ಉದ್ದಕ್ಕೆ ಹೊಂದಿಸುವುದು ದೊಡ್ಡ ಕೆಲಸವಾಗಲಿಲ್ಲ. ಮತ್ತೆ ಮೂವರೂ ಡ್ವೇನ್‌ನ ಹಿತ್ತಲಿಗೆ ಹೋದರು. ಬೇಟೆಯ ದಿನ ಮರದ ಮೇಲಿನ ಅಟ್ಟಣೆಯಲ್ಲಿ ಕೂತಂತೆಯೇ ಇರಲಿ ಅಂತ ಆರ್ವಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ. ಹೆದೆಯನ್ನು ಎದೆಯ ಮಟ್ಟದಲ್ಲೇ, ಅಲುಗಾಡದೆ ಕೆನ್ನೆಯವರೆಗೆ ಎಳೆದ. ನೋವಿತ್ತು, ಆದರೆ ಕೈ ನಡುಗಲಿಲ್ಲ. ಬಾಣ ಹೋಗಿ ಗುರಿಯ ನಟ್ಟನಡುವೆ ನಾಟಿತು.

ಡ್ವೇನ್ ಅವನನ್ನು ಹಿಂದೆ ಹಿಂದೆ ಕೂರಿಸುತ್ತ ಹೋದ. ಹಿತ್ತಲಿನ ಸೌನಾದ ಬಾಗಿಲಿನವರೆಗೆ ಬಾಣಗಳು ಒಂದರ ಪಕ್ಕ ಒಂದು ಕೂತವು. ಅಲ್ಲಿಂದಾಚೆಗೆ ಚದುರತೊಡಗಿದವು, ಪಿಂಡಿಯೊಳಗೂ ಅಷ್ಟು ಆಳ ಇಳಿಯಲಿಲ್ಲ. ಪಿಂಡಿಯಿಂದ ಆ ಬಾಗಿಲಿಗೆ ಇಪ್ಪತ್ತು ಹೆಜ್ಜೆ, ಅದಕ್ಕಿಂತ ಒಂದು ಹೆಜ್ಜೆ ಹೆಚ್ಚಿದ್ದರೂ ಬಾಣ ಬಿಡುವುದಿಲ್ಲ ಅಂತ ಆರ್ವಿ ತಾನೇ ಬಾಯಿಬಿಟ್ಟು ಹೇಳಿದ. ಹೇಳಿದ ಮೇಲೆ ಮೈ ಹಗುರಾಯಿತು.

ಮತ್ತೆ ನಕ್ಷೆಯ ಮುಂದೆ ಕೂತರು. ಐದು ವರ್ಷ ಗುರುತಿಟ್ಟ ಜಾಗಗಳೆಲ್ಲ ಹೊಲದ ಅಂಚಿನವು, ದೂರದ ಗುರಿಯವು. ಇಪ್ಪತ್ತು ಹೆಜ್ಜೆಯವನಿಗೆ ಅವು ಬೇಡ. ಜಿಂಕೆಗಳು ಮೈಗೆ ಮೈ ತಾಗಿಸಿ ನುಸುಳುವ ಪೊದೆದಾರಿ ಬೇಕು. ಕೆಳಗೆ ಹಳ್ಳವೊಂದು ತಿರುಗುವ ಕಡೆ ಅಂಥ ಕಿರಿದಾದ ಜಾಗ ಡ್ವೇನ್‌ನ ಕಣ್ಣಿಗೆ ಬಿತ್ತು. ಗಾಳಿ ಪಡುವಣದಿಂದ ಬೀಸಿದರೆ ಮನುಷ್ಯನ ವಾಸನೆ ಜಿಂಕೆಗೆ ತಾಗದೆ ನೀರಿನ ಮೇಲೆ ಹೋಗಿಬಿಡುತ್ತದೆ. ಆರ್ವಿ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ.

ಆಗ ಡ್ವೇನ್ ರಬ್ಬರ್ ತಗೊಂಡು ನಕ್ಷೆಯ ಇನ್ನೊಂದು ಮೂಲೆಯನ್ನು ಉಜ್ಜಲು ಶುರುಮಾಡಿದ. ಅದು ಓಕ್ ಮರಗಳ ದಿಣ್ಣೆ. ಮೂರು ಹೊಲಗಳು ಒಟ್ಟಿಗೆ ಕಾಣುವ ಆ ಜಾಗಕ್ಕೆ ಅವನು ಪಾದ್ರಿಯ ಕುರ್ಚಿ ಅಂತ ಹೆಸರಿಟ್ಟಿದ್ದ. ನಾನು ಅಲ್ಲೇ ಕೂರೋದು ಅಂತ ಪ್ರತಿ ಚಳಿಗಾಲವೂ ಸೌನಾದಲ್ಲಿ ಹೇಳುತ್ತಿದ್ದ.

"ಅದ್ಯಾಕೆ ಅಳಿಸ್ತೀಯಾ?"

"ಹಳ್ಳದಿಂದ ಅಲ್ಲಿಗೆ ಒಂದು ಗಂಟೆ ದಾರಿ. ನೀನು ಒಂದೇ ಕೈಯಲ್ಲಿ ಜಿಂಕೆ ಎಳೀತೀಯಾ? ನಾನು ನಿನ್ನ ಹತ್ತಿರಾನೇ ಎಲ್ಲಾದ್ರೂ ಕೂರ್ತೀನಿ ಬಿಡು."

ಆರ್ವಿ ಅವನ ಕೈಯಿಂದ ರಬ್ಬರ್ ಕಿತ್ತುಕೊಂಡ. ಮಾಸಿದ ಜಾಗದಲ್ಲಿ ಪೆನ್ಸಿಲನ್ನು ಒತ್ತಿ, ಮೊದಲಿಗಿಂತ ದೊಡ್ಡದಾಗಿ ಗುರುತು ಬರೆದ.

"ಇದು ಇದ್ರೆ ನಾನು ಬರ್ತೀನಿ. ಇಲ್ಲಾಂದ್ರೆ ಮಾರ್ತಾ ಬಿಲ್ಲು ಮಾರ್ತಾಗೇ ವಾಪಸ್."

"ಜಿಂಕೆ ಬಿದ್ರೆ ಏನ್ ಮಾಡ್ತೀಯೋ?"

"ಪಕ್ಕದಲ್ಲೇ ಕೂತು ಪಾಸ್ಟಿ ತಿಂತೀನಿ. ಸಂಜೆ ನೀನು ಬರೋವರೆಗೂ ಕಾಯ್ತೀನಿ. ನಿನಗೊಬ್ಬನಿಗೇ ಕಾಯೋಕೆ ಬರೋದಾ?"

ಡ್ವೇನ್ ಆ ಗುರುತನ್ನು ಒಮ್ಮೆ ಹೆಬ್ಬೆರಳಿನಿಂದ ಮುಟ್ಟಿದ, ಕಾಫಿ ಲೋಟವನ್ನು ತಂಗಿಯ ಕಡೆ ಚಾಚಿದ. ಅವನ ಮುಖ ನೋಡುತ್ತಿದ್ದ ಆರ್ವಿಗೆ ಏಪ್ರಿಲ್‌ನಿಂದ ಮೊದಲ ಬಾರಿಗೆ ನವೆಂಬರ್ ಬೇಗ ಬರಲಿ ಅನಿಸಿತು.