ಕಸ ನಿಂದು

ಹಿತ್ತಿಲು ಪಾಲಾದಾಗ ಹಿರಿಯ ಓರಗಿತ್ತಿ ನಡುವೆ ಗೋಡೆ ಎಬ್ಬಿಸಿದಳು. ಅಂಜೂರದ ಮರ ಅವಳ ಕಡೆಗೆ ಬಂತು. ಕಿರಿಯಳಿಗೆ ಸಿಕ್ಕಿದ್ದು ಇಟ್ಟಿಗೆ ಚೂರು, ಹಳೇ ಗಾರೆ ತುಂಬಿದ ಬರಡು ನೆಲ. ಆ ಮರವನ್ನು ತವರಿನಿಂದ ಕೊಂಬೆ ತಂದು ನೆಟ್ಟವಳು, ಕೊಡ ಹೊತ್ತು ನೀರುಣಿಸಿದವಳು ಕಿರಿಯಳೇ.

ಅದನ್ನೇ ಬಾಯಿಬಿಟ್ಟು ಹೇಳಿದಾಗ ಹಿರಿಯಳು ಮೂಗು ಮುರಿದಳು. "ಮರ ನಂದು. ಕೆಳಗೆ ಬಿದ್ದ ಕಸ ಬೇಕಾದ್ರೆ ನಿಂದು, ತಗೊಂಡು ಹೋಗು."

ಪಾಲು ಮಾಡಲು ಬಂದಿದ್ದ ನೆಂಟರೆಲ್ಲ ನಕ್ಕರು. ಕಿರಿಯಳು ಎದ್ದುಹೋಗಿ ಪೊರಕೆ ತಂದಳು.

ಅಂದಿನಿಂದ ದಿನಾ ಬೆಳಿಗ್ಗೆ ಗೋಡೆಯ ಪುಟ್ಟ ಗೇಟು ದಾಟಿ ಗುಡಿಸಿದಳು. ಎಲೆ, ಉದುರಿದ ಕಾಯಿ, ಹುಲ್ಲು, ಹಕ್ಕಿಯ ಹಿಕ್ಕೆ, ಎಲ್ಲ ಬುಟ್ಟಿಗೆ, ಬುಟ್ಟಿಯಿಂದ ತನ್ನ ಕಡೆ ತೋಡಿಕೊಂಡ ಗೊಬ್ಬರದ ಗುಂಡಿಗೆ. ಮೇಲೆ ಒಂದಿಷ್ಟು ತರಕಾರಿ ಸಿಪ್ಪೆ, ಪಾತ್ರೆ ತೊಳೆದ ನೀರು. ಕೊಳೆತು ಮಣ್ಣಾದದ್ದನ್ನು ತನ್ನ ಬರಡು ನೆಲದ ಮೇಲೆ ಹರಡಿದಳು. ಪುಕ್ಕಟೆ ಕೆಲಸದವಳು ಸಿಕ್ಕಿದ್ದಾಳೆಂದು ಹಿರಿಯಳು ಬೀದಿಯೆಲ್ಲ ಹೇಳಿಕೊಂಡು ಬೀಗಿದಳು. ಬೀಗಲಿ ಬಿಡಿ. ಮರ ಉಣ್ಣುವುದು ತಾನೇ ಉದುರಿಸಿದ್ದನ್ನು ಎಂಬುದು ಅವಳ ತಲೆಗೆ ಎಲ್ಲಿ ಹೊಳೆಯಬೇಕು? ಎಲೆ ಕೊಳೆತು ಮಣ್ಣಾಗಬೇಕು, ಆ ಮಣ್ಣು ಬೇರು ಹತ್ತಿ ಮತ್ತೆ ಎಲೆಯಾಗಬೇಕು. ಕಿರಿಯಳು ದಿನವೂ ಆ ಮರದ ಅನ್ನ ಕಸಿಯುತ್ತಿದ್ದಳು, ಅದೂ ಎಲ್ಲರ ಕಣ್ಣೆದುರಿಗೇ.

ವರ್ಷಗಳು ಉರುಳಿದವು. ಆಚೆಯ ನೆಲ ಗಟ್ಟಿಯಾಗಿ ಬಿರುಕುಬಿಟ್ಟಿತು. ಹಾಕಿದ ನೀರು ಇಂಗದೆ ಹರಿದುಹೋಯಿತು, ಕಾಯಿ ಬಲಿಯುವ ಮೊದಲೇ ಉದುರಿತು. ಈಚೆ ಗಾರೆಯ ಮೇಲೆ ಮೊಣಕೈವರೆಗೂ ಕೈ ಇಳಿಯುವಷ್ಟು ಕರಿಮಣ್ಣು ಕೂತಿತ್ತು, ಕೆದಕಿದಲ್ಲೆಲ್ಲ ಎರೆಹುಳು. ಗಾಳಿಗೆ ಮುರಿದುಬಿದ್ದ ಹಸಿಕೊಂಬೆಯೊಂದನ್ನು ಕಸದ ಜೊತೆ ತಂದು ಅದರಲ್ಲಿ ಊರಿದ್ದಳು. ಅದು ಗೋಡೆಗಿಂತ ಎತ್ತರಕ್ಕೆ ಬೆಳೆದು ಕಾಯಿ ಬಿಟ್ಟಿತು.

ಒಮ್ಮೊಮ್ಮೆ ಗುಡಿಸುತ್ತ ಹಳೇ ಮರವನ್ನು ತಬ್ಬಿಕೊಂಡು ಅತ್ತದ್ದೂ ಉಂಟು. ಪೊರಕೆ ಮಾತ್ರ ಕೆಳಗಿಡಲಿಲ್ಲ.

ಈ ಸಲ ಹಳೇ ಮರ ಚಿಗುರಲೇ ಇಲ್ಲ. ಹಿರಿಯಳು ಗೇಟಿನ ಬಳಿ ಬಂದು ನಿಂತಳು. ದನಿ ಮೆತ್ತಗಾಗಿತ್ತು.

"ನಾಲ್ಕು ಬುಟ್ಟಿ ಮಣ್ಣು ಕೊಡೇ. ಅದೆಲ್ಲ ನನ್ನ ಮರದ್ದೇ ಅಲ್ವಾ?"

"ಅಲ್ಲ ಅಕ್ಕ, ಕಸದ್ದು. ಕಸ ನಿಂದು ಅಂತ ಎಲ್ಲರ ಮುಂದೆ ನೀವೇ ಕೊಟ್ರಿ."

ಹಿರಿಯಳು ಒಣಗಿ ನಿಂತ ಮರವನ್ನೊಮ್ಮೆ ನೋಡಿದಳು. "ಈಗ ಅದನ್ನೇನು ಮಾಡ್ಲಿ ಹೇಳು?"

ಕಿರಿಯಳು ಕೈಗಂಟಿದ ಮಣ್ಣು ಕೊಡವಿಕೊಂಡಳು.

"ಕಡಿಸಿಬಿಡಿ ಅಕ್ಕ. ಕೆಳಗೆ ಬಿದ್ದ ಮೇಲೆ ನಾನೇ ಬಂದು ತಗೊಂಡು ಹೋಗ್ತೀನಿ."